ಒಂದೇ ಒಂದು 'ಬೇಡ'

ಯಾರೋ ಒಬ್ಬರು ಸುಳ್ಳು ಹೇಳಿದ್ದರು.

ಮತ ಎಣಿಸುವ ಹಾಲ್‌ನಲ್ಲಿ ಕಟಕಟೆಗೆ ಒರಗಿ ಕೋಲ್ಮನ್ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವನ ದ್ವೀಪದ ಪೆಟ್ಟಿಗೆ ತೆರೆದು ಚೀಟಿಗಳನ್ನು ಮೇಜಿನ ಮೇಲೆ ಸುರಿದರು. ಬೇಕು, ಬೇಕು, ಬೇಕು. ಕೊನೆಯ ಹಿಡಿಯಲ್ಲಿ ಒಂದು 'ಬೇಡ' ಬಂತು. ಒಂದೇ ಒಂದು.

ಐರ್ಲೆಂಡ್ ದೇಶವೇನೋ ಗೆದ್ದಿತು. ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಮದುವೆಯಾಗಬಹುದೆಂದು ಜನರೇ ಮತ ಹಾಕಿ ತೀರ್ಮಾನಿಸಿದರು. ಡಬ್ಲಿನ್‌ನಲ್ಲಿ ಬೀದಿಗಿಳಿದು ಕುಣಿದರು. ಊರಿಗೆ ಮರಳುವ ದೋಣಿಯಲ್ಲಿ ಕೋಲ್ಮನ್‌ನ ತಲೆಯನ್ನು ಮಾತ್ರ ಆ ಒಂದು ಚೀಟಿ ಕೊರೆಯುತ್ತಿತ್ತು. ದ್ವೀಪದಲ್ಲಿ ಇರುವುದೇ ನಾಲ್ಕಾರು ಡಜನ್ ಜನ. ಪ್ರತಿಯೊಬ್ಬರೂ ಅವನ ಪಬ್ಬಿಗೆ ಬಂದು, ಅವನ ಕೈ ಹಿಡಿದು, "ನಮ್ ವೋಟು ನಿಮ್ಮಿಬ್ರಿಗೇ" ಅಂದಿದ್ದರು.

ನಿಮ್ಮಿಬ್ಬರಿಗೆ ಅಂದರೆ ಕೋಲ್ಮನ್‌ಗೆ, ಮತ್ತು ದೋಣಿ ನಡೆಸುವ ಟೈಗ್‌ಗೆ. ಪಬ್ಬಿನ ಮಹಡಿಯಲ್ಲಿ ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಒಟ್ಟಿಗಿದ್ದರು. ಮೊದಲು ಜನ ಟೈಗ್‌ನನ್ನು 'ಬಾಡಿಗೆಯವನು' ಅಂದರು, ಆಮೇಲೆ ಏನೂ ಅನ್ನುವುದನ್ನೇ ಬಿಟ್ಟರು. ಮದುವೆಯ ಮಾತು ಬಂದಾಗಲೆಲ್ಲ ಟೈಗ್ ಮೇಜು ಗುದ್ದಿ ಹೇಳುತ್ತಿದ್ದ: "ಕಾನೂನು ಬರ್ಲಿ, ಮಾರನೇ ದಿನಾನೇ ಮದುವೆ. ನಾನೇನು ಬೇಡ ಅಂದ್ನಾ?"

ಕೋಲ್ಮನ್‌ಗೆ ಮದುವೆ ಬೇಕಿದ್ದದ್ದು ಊಟ, ಕುಣಿತಕ್ಕಲ್ಲ. ಒಮ್ಮೆ ಎದೆನೋವು ಬಂದು ಊರಾಚೆಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, "ರೋಗಿಗೆ ನೀವೇನಾಗ್ಬೇಕು?" ಎಂದು ನರ್ಸ್ ಟೈಗ್‌ನನ್ನು ಕೇಳಿದ್ದಳು. "ದೋಣಿಯವನು" ಅಂದಿದ್ದ ಟೈಗ್. ಪರದೆಯ ಈಚೆ ಅದನ್ನು ಕೇಳಿ ಕೋಲ್ಮನ್‌ಗೆ ಎದೆನೋವಿಗಿಂತ ಹೆಚ್ಚು ನೋವಾಗಿತ್ತು. ಪಾಪ, ಅವನು ಇನ್ನೇನು ತಾನೇ ಹೇಳಿಯಾನು, ಕಾನೂನೇ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ. ಅಂದಿನಿಂದ ಎರಡು ಉಂಗುರಗಳು ಟೀಪುಡಿಯ ಡಬ್ಬಿಯಲ್ಲಿ ಕಾಯುತ್ತಿದ್ದವು.

ಆ ಒಂದು ಚೀಟಿಯ ಸುದ್ದಿ ಕೇಳಿ ಟೈಗ್ ಮುಖ ಗಂಟು ಹಾಕಿದ.

"ಯಾರು ಅಂತ ಗೊತ್ತಾಗ್ಲಿ ಮೊದ್ಲು. ಎದುರಿಗೆ ನಕ್ಕು ಬೆನ್ನಿಗೆ ಚೂರಿ ಹಾಕೋರ ಮುಂದೆ ನಿಂತು ಉಂಗುರ ಹಾಕ್ಕೊಳ್ಳೋ ಮನಸ್ಸಿಲ್ಲ ನಂಗೆ."

"ಒಂದು ವೋಟು ಮಾರಾಯ. ಬಿಟ್ಹಾಕು."

"ಬಿಡಕ್ಕಾಗಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನೋಡ್ತಿರು, ಯಾರು ಮುಟ್ಕೋತಾರೆ ಅಂತ."

ಪಬ್ಬಿನಲ್ಲಿ ಗುಸುಗುಸು ಎದ್ದಿತು. ಜನ ಒಬ್ಬರ ಮುಖ ಒಬ್ಬರು ಓರೆಗಣ್ಣಿನಲ್ಲಿ ನೋಡಿಕೊಂಡೇ ಬಿಯರ್ ಕುಡಿದರು. ಹೊನೋರಜ್ಜಿಯ ಹೆಸರು ಮೊದಲು ಯಾರ ಬಾಯಿಂದ ಬಂತೋ ತಿಳಿಯದು. ಆದರೆ ಬಂದದ್ದೇ ತಡ, ಎಲ್ಲರೂ ತಲೆಯಾಡಿಸಿದರು. ಎಂಬತ್ತು ದಾಟಿದ ವಿಧವೆ, ಚರ್ಚಿನಲ್ಲಿ ಮೊದಲ ಬೆಂಚು, ಕೈಯಲ್ಲಿ ಸದಾ ಜಪಮಾಲೆ. ಅವಳಲ್ಲದೆ ಇನ್ಯಾರು? ಟೈಗ್ ಮಾತ್ರ ತನ್ನ ಗ್ಲಾಸನ್ನೇ ನೋಡುತ್ತ ಕೂತಿದ್ದ. ಮತದಾನದ ದಿನ ಅಜ್ಜಿಯ ತೋಳು ಹಿಡಿದು ಮತಗಟ್ಟೆಯಾಗಿದ್ದ ಶಾಲೆಗೆ ಕರೆದುಕೊಂಡು ಹೋದವನೇ ಅವನು. ಅಂಥವನಿಗೇ ಹೀಗೆ ಮಾಡಿದಳಲ್ಲ ಎಂದು ಊರು ಇನ್ನಷ್ಟು ಉರಿಯಿತು.

ಗುಡ್ಡದ ಮೇಲಿನ ಅಜ್ಜಿಯ ಮನೆಗೆ ಒಲೆಯ ಉರುವಲು ಹಾಕುತ್ತಿದ್ದವರು ನಿಲ್ಲಿಸಿದರು. ಚರ್ಚಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಗ್ಯಾಸ್ ಸಿಲಿಂಡರ್ ಮಾತ್ರ ತಪ್ಪದೆ ಗುಡ್ಡ ಹತ್ತುತ್ತಿತ್ತು, ಟೈಗ್‌ನ ಹೆಗಲ ಮೇಲೆ. "ನಮ್ ಟೈಗ್‌ದು ದೊಡ್ಡ ಮನಸ್ಸು" ಎಂದರು ಜನ. ಅವನು ಹೆಗಲು ಉಜ್ಜಿಕೊಳ್ಳುತ್ತ ಇಳಿದು ಬರುತ್ತಿದ್ದ.

ಬೇಸಿಗೆ ಕಳೆಯಿತು. ಕಾನೂನು ಜಾರಿಗೂ ಬಂತು. ಟೀ ಡಬ್ಬಿ ಹಾಗೇ ಇತ್ತು. "ಅವಳು ಒಪ್ಕೊಳ್ಲಿ, ಆಮೇಲೆ ನೋಡೋಣ" ಅನ್ನುತ್ತಿದ್ದ ಟೈಗ್. ಕೊನೆಗೊಂದು ಮಧ್ಯಾಹ್ನ ಕೋಲ್ಮನ್‌ಗೆ ತಡೆಯಲಾಗಲಿಲ್ಲ. ಇವತ್ತು ಇತ್ಯರ್ಥ ಮಾಡಿಯೇ ಬಿಡುವುದೆಂದು ಗುಡ್ಡ ಹತ್ತಿದ.

ಅಜ್ಜಿ ಟೀ ಕೊಟ್ಟಳು. ಅರ್ಧ ಟೀ ತಟ್ಟೆಯಲ್ಲಿತ್ತು.

"ಹೊನೋರಜ್ಜಿ, ನಾನು ಜಗಳಕ್ಕೆ ಬಂದಿಲ್ಲ. ಒಂದ್ಸಲ ಹೂಂ ಅಂದ್ಬಿಡಿ. ನಮ್ ಮದುವೆ ನಿಮ್ಮಿಂದ ನಿಂತಿದೆ."

"ನನ್ನಿಂದ್ಲಾ?" ಅಜ್ಜಿ ಅವನನ್ನು ದಿಟ್ಟಿಸಿದಳು. "ಇಷ್ಟು ದಿನಕ್ಕೆ ನೀನೊಬ್ಬ ಬಂದು ಕೇಳ್ದೆ ನೋಡು. ಬೇರೆಯೋರೆಲ್ಲ ಅವ್ರವ್ರೇ ತೀರ್ಮಾನ ಮಾಡ್ಕೊಂಡ್ರು. ನಲವತ್ತು ವರ್ಷ ಒಬ್ಳೇ ಮಲಗಿ ಎದ್ದೋಳು ನಾನು. ಇನ್ನೊಬ್ರಿಗೆ ಒಂಟಿಯಾಗಿರು ಅಂತ ಹೇಳ್ತೀನಾ ಮಗಾ?"

"ಹಾಗಾದ್ರೆ ಯಾಕೆ ಬಾಯಿ ಬಿಡ್ಲಿಲ್ಲ ನೀವು?"

ಅವಳು ಎರಡೂ ಕೈ ಮುಂದೆ ಚಾಚಿದಳು. ಕೈಗಳು ಗಡಗಡ ನಡುಗುತ್ತಿದ್ದವು.

"ಈ ಕೈಯಲ್ಲಿ ಪೆನ್ಸಿಲ್ ನಿಲ್ಲುತ್ತಾ? ಮರೆಯೊಳಗೆ ಅವ್ನನ್ನೇ ಕರ್ಕೊಂಡು ಹೋಗಿ 'ಬೇಕು' ಅನ್ನೋದಕ್ಕೆ ಗುರುತು ಹಾಕ್ಸಿದೆ. ಹಾಕಿದ್ದನ್ನ ಕಣ್ಣಾರೆ ನೋಡಿದೆ. ಅವ್ನಿಗೆ ಗೊತ್ತಲ್ಲ, ಇವತ್ತಲ್ಲ ನಾಳೆ ಅವ್ನೇ ಹೇಳ್ತಾನೆ ಅಂತ ಕಾಯ್ತಾ ಕೂತೆ."

"ಯಾರನ್ನ ಕರ್ಕೊಂಡು ಹೋದ್ರಿ?" ಎಂದ ಕೋಲ್ಮನ್, ಉತ್ತರ ಗೊತ್ತಿದ್ದೂ.

ಅವನು ಪಬ್ಬಿಗೆ ಇಳಿದು ಬಂದಾಗ ಗಿರಾಕಿಗಳಿರಲಿಲ್ಲ. ಟೈಗ್ ಕಿಟಕಿಯ ಬಳಿ ಹಗ್ಗ ಸುತ್ತುತ್ತಿದ್ದ.

"ಒಪ್ಕೊಂಡ್ಲಾ?"

ಕೋಲ್ಮನ್ ಟೀ ಡಬ್ಬಿ ತೆಗೆದು ಅವನ ಮುಂದಿಟ್ಟ. "ಅವ್ಳ ಚೀಟಿಗೆ 'ಬೇಕು' ಅಂತ ಗುರುತು ಹಾಕಿದ್ದು ನೀನಂತೆ."

ಟೈಗ್‌ನ ಕೈ ಮೆಲ್ಲನೆ ಹೆಗಲಿಗೆ ಹೋಯಿತು. ಅವತ್ತು ಅವನು ಸಿಲಿಂಡರ್ ಹೊತ್ತಿರಲಿಲ್ಲ.

"ಕಾನೂನು ಬರ್ಲಿ, ಕಾನೂನು ಬರ್ಲಿ ಅಂತ ಹೇಳ್ಕೊಂಡೇ ಇಷ್ಟು ವರ್ಷ ಕಳ್ದೆ ಕೋಲ್ಮನ್," ಎಂದ ಅವನು, ಡಬ್ಬಿ ಮುಟ್ಟದೆ. "ಬಂದೇ ಬಿಡುತ್ತೆ ಅಂತ ಯಾರಿಗೆ ಗೊತ್ತಿತ್ತು?"