ಮೂರು ಪದರದ ಮುಖವಾಡ

ಇಂಟರ್‌ನೆಟ್ಟಿನ ಬೀದಿಗೆ ಇಳಿಯುವವರಿಗೆಲ್ಲ, ಯಾರು ಯಾರೆಂದು ಗೊತ್ತಾಗದಿರಲೆಂದು, ಬಾಗಿಲಲ್ಲೇ ಒಂದೇ ಥರದ ಬೂದು ಮುಖವಾಡ ಕೊಡುತ್ತಿದ್ದರು. ಗಂಡನ ಏಟು ತಾಳಲಾರದೆ ಮನೆ ಬಿಟ್ಟಿದ್ದ ಚಂಪಾವತಿಗೆ ಅದು ತೀರಾ ತೆಳುವೆನಿಸಿತು. ಮುಖವಾಡ ಬದಲಿಸಿಕೊಡುವ ಸೆಟ್ಟಿಂಗ್ಸಿನ ಮೇಜಿನ ಹಿಂದಿದ್ದ ಹೆಂಗಸು ಬೇಡವೆಂದರೂ ಕೇಳದೆ ಅವಳು ಇನ್ನೆರಡು ಪದರ ಹಾಕಿಸಿದಳು. ಕನ್ನಡ ಅಕ್ಷರ ದಪ್ಪಗೆ ಕಾಣಲೆಂದು ಕಣ್ಣಿನ ತೂತನ್ನೂ ದೊಡ್ಡದು ಮಾಡಿಸಿದಳು. ಧೈರ್ಯವಾಗಿ ಅಮ್ಮನ ಬಾಗಿಲಿಗೆ ಹೋಗಿಬಂದು, ಮರುದಿನ ವಕೀಲರ ಬಾಗಿಲು ತಟ್ಟಿದಳು.

ಪಕ್ಕದಲ್ಲೇ ಗಂಡನ ದನಿ ಕೇಳಿತು. "ನಿನ್ನೆ ನಿಮ್ಮಮ್ಮನ ಬಾಗಿಲಲ್ಲೂ ಇದೇ ಮುಖವಾಡ ನೋಡ್ದೆ. ಇಡೀ ಬೀದೀಲಿ ಇಂಥದ್ದು ಇರೋದು ಒಂದೇ, ಚಂಪಾ."

ಅವಳು ಓಡಿಬಂದು ಮೇಜಿನ ಹೆಂಗಸಿನ ಕೈ ಹಿಡಿದಳು. "ಅಕ್ಕಾ, ಇದನ್ನ ಕಿತ್ತಾಕಿ, ಎಲ್ಲರಿಗೂ ಕೊಡೋದನ್ನೇ ಕೊಡಿ."

"ಕೊಡ್ತೀನಮ್ಮಾ. ಆದ್ರೆ ನೀನು ಬದಲಾಯಿಸೋದನ್ನ ಅವನು ನಿನ್ನ ಹಿಂದೇನೇ ನಿಂತು ನೋಡ್ತಿದಾನೆ."