ಬಾಡಿಗೆ ನಡಿಗೆ

ನಳಿನಮ್ಮನವರ ನಡಿಗೆಯನ್ನು ನಡೆಯುವುದು ನಾನು. ಕೆರೆ ಸುತ್ತ ಬೆವರಿಳಿಯುವಷ್ಟು ನಡೆದು ಕೈಪಟ್ಟಿಯ ಗುಂಡಿ ಒತ್ತಿದರೆ, ಅದರ ಫಲವೆಲ್ಲ ಅವರ ಮೈಗೆ ಹೋಗುತ್ತದೆ. ಊಟವೂ ಹಾಗೇ. ಸೊಪ್ಪು, ಮೊಳಕೆಕಾಳು ತಿನ್ನುವ ಬಾಯಿ ನನ್ನದು, ಗುಣ ಅವರದು. ನಮ್ಮ ಬೀದಿಯ ಹೆಂಗಸರೆಲ್ಲ ಮಾಡುವುದು ಇದೇ ಕೆಲಸ.

ನಿನ್ನೆ ಡಾಕ್ಟರು ನನಗೆ ಶುಗರ್ ಅಂದರು. ದಿನಾ ವಾಕ್ ಮಾಡಮ್ಮ ಅಂತಲೂ ಹೇಳಿದರು.

ಇವತ್ತು ಸುತ್ತು ಮುಗಿಸಿ, ಗುಂಡಿ ಒತ್ತದೆ ಏರಿಯ ಮೇಲೆ ಕೂತೆ. ನಳಿನಮ್ಮನವರ ಫೋನು ಬಂತು.

"ಏನೇ ಪುಟ್ಟಗೌರಿ, ಇನ್ನೂ ಕಳಿಸಿಲ್ಲ? ನಾನಾಗಲೇ ಬೋಂಡ ತಿಂದು ಕೂತಿದೀನಿ."

"ಇವತ್ತಿನದು ನಾನೇ ಇಟ್ಕೊಂಡೆ ಅಮ್ಮ."

"ಹಾಗಾದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಯ್ತಮ್ಮ. ನಾಳೇದೂ ನನಗೇ ಉಳೀತು."