ಎರಡು ಬೆರಳು ಇಳಿಬಿದ್ದ ಕೋಟು

"ಬರಿಯಮ್ಮ, ಒಂದಕ್ಷರ ಬಿಡದ ಹಾಗೆ ಬರಿ," ಎಂದು ಮಾವ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು. "ಸೊಟ್ಟಗಿರೋದು ನನ್ನ ಕೋಟಲ್ಲ ಕಣಯ್ಯ, ನಿನ್ನ ಹೆಗಲು. ಅಂಗಡಿಗೆ ಬಯ್ಯೋ ಮುಂಚೆ ನಿನ್ನ ಮನೆ ಕನ್ನಡಿಗೆ ಹೋಗಿ ಬಯ್ಕೊ. ಬರೆದ್ಯಾ?"

"ಬರೆದೆ ಮಾವ," ಎಂದಳು ಸೊಸೆ. ಹೊಲಿಗೆ ಅಂಗಡಿಯ ಆನ್‌ಲೈನ್ ಪುಟ ನೋಡಿಕೊಳ್ಳುವವಳು ಅವಳೇ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅದರಲ್ಲಿ ಒಂದು ಫೋಟೊ ಬಂದು ಕೂತಿತ್ತು. ಮಾವ ಹೊಲಿದ ಬೂದು ಕೋಟು. ತೊಟ್ಟವನು ಬಾಡಿಗೆ ಮನೆ ಹುಡುಕಿಕೊಡುವ ದಲ್ಲಾಳಿ. ಬಲಗಡೆಯ ಅಂಚು ಎಡಗಡೆಗಿಂತ ಎರಡು ಬೆರಳು ಇಳಿಬಿದ್ದಿದೆ. ಕೆಳಗೆ ಒಂದೇ ನಕ್ಷತ್ರ, ಒಂದೇ ಸಾಲು: 'ಕಣ್ಣು ಕಾಣದವರ ಕೈಗೆ ಕತ್ತರಿ ಕೊಟ್ಟವರು ಯಾರು?' ಮಧ್ಯಾಹ್ನದೊಳಗೆ ಅರವತ್ತು ಮಂದಿ ಅದಕ್ಕೆ ನಕ್ಕಿದ್ದರು. ನಲವತ್ತು ವರ್ಷ ಊರಿನವರ ಮೈಗೆಲ್ಲ ಬಟ್ಟೆ ಹೊಂದಿಸಿಕೊಟ್ಟ ಮನುಷ್ಯ, ಆ ನಗೆಗಳನ್ನು ಒಂದೊಂದಾಗಿ ನೋಡಿ ಊಟ ಬಿಟ್ಟು ಕೂತಿದ್ದರು.

"ಮಾವ, ಹೆಗಲು ಸೊಟ್ಟ ಅನ್ನೋದು ನಿಜಾನಾ, ಇಲ್ಲ ಕೋಪದ ಮಾತಾ?"

ಮಾವ ಅಳತೆಯ ಪುಸ್ತಕ ತೆಗೆದು ಅವಳ ಮೂಗಿನ ಕೆಳಗೆ ಹಿಡಿದರು. ಬಲಹೆಗಲು ಒಂದೂವರೆ ಇಂಚು ಎತ್ತರ ಎಂದು ಅವರದೇ ಕೈಬರಹದಲ್ಲಿತ್ತು. "ಹುಟ್ಟಿದಾಗಿಂದ ಹಾಗೇ ಇರಬೇಕು, ಪಾಪ. ಕೇಳಿದ್ರೆ ನೊಂದ್ಕೋತಾನೆ ಅಂತ ಬಾಯಿ ಬಿಡಲಿಲ್ಲ. ಆ ಐಬು ಕಾಣಬಾರದು ಅಂತ ಬಲಗಡೆ ಬಟ್ಟೆ ಜಾಸ್ತಿ ಬಿಟ್ಟು ಹೊಲಿದೆ. ಅದಕ್ಕೆ ಈ ಸನ್ಮಾನ! ಕಳಿಸು ಮೊದಲು."

ಅವಳು ಕಳಿಸಲಿಲ್ಲ. ಮೂಲೆಯಲ್ಲಿ ಅರ್ಧ ಹೊಲಿದ ಕೋಟು ತೊಟ್ಟು ನಿಂತಿದ್ದ ಮರದ ಬೊಂಬೆಯತ್ತ ಕೈ ತೋರಿಸಿದಳು. "ಒಂದ್ಸಲ ಇವನಿಗೆ ಹೇಳಿಬಿಡಿ ಮಾವ. ದಲ್ಲಾಳೀನೇ ಬಂದು ನಿಂತಿದ್ದಾನೆ ಅಂದ್ಕೊಳ್ಳಿ. ಹೇಳಿದ ತಕ್ಷಣ ಕಳಿಸ್ತೀನಿ."

"ಹೇಳ್ತೀನಿ. ನನಗೇನು ಭಯ?" ಮಾವ ಎದ್ದು ಬೊಂಬೆಯ ಎದುರು ಎದೆ ಸೆಟೆಸಿ ನಿಂತರು. "ಏನಯ್ಯಾ..." ಎನ್ನುವಷ್ಟರಲ್ಲಿ ಕೈಗಳು ತಾವಾಗಿಯೇ ಮೇಲೆದ್ದು ಬೊಂಬೆಯ ಕಾಲರ್ ನೆಟ್ಟಗೆ ಮಾಡಿದವು, ಎದೆಗೆ ಅಂಟಿದ್ದ ದಾರದ ಎಳೆಯೊಂದನ್ನು ತೆಗೆದವು. "ಏನಯ್ಯಾ, ನಿನ್ನ ಹೆಗಲು..." ಅಂಗೈ ಬೊಂಬೆಯ ಹೆಗಲ ಮೇಲೆ ಕೂತಿತು. ಅಲ್ಲಿಂದ ಮುಂದೆ ಮಾತೇ ಏಳಲಿಲ್ಲ. ಆ ಕೈ ಯಾರ ಹೆಗಲ ಮೇಲೆ ಕೂತಾಗಲೂ ಬಾಯಿ 'ಸ್ವಲ್ಪ ತಿರುಗಿ ಸ್ವಾಮಿ' ಎಂದಿತ್ತೇ ಹೊರತು ಬೇರೊಂದು ಮಾತು ಕಲಿತೇ ಇರಲಿಲ್ಲ.

"ಯಾಕೆ ಮಾವ, ಗಂಟಲು ಕಟ್ತಾ?"

"ಸುಮ್ನಿರಮ್ಮ, ಕಿಲಾಡಿ. ಇದು ಮುಖ ನೋಡ್ಕೊಂಡು ಹೇಳೋ ಮಾತಲ್ಲ. ಅಳಿಸು." ಬೊಂಬೆಯ ಹೆಗಲಿಂದ ಕೈ ತೆಗೆದು, "ಹಾಗಂತ ಸುಮ್ನೆ ಬಿಡೋಕೂ ಆಗಲ್ಲ," ಎಂದರು.

"ಬಿಡೋದು ಬೇಡ. ಅಂಗಡಿಗೇ ಬಂದಿದ್ರೆ ಏನಂತಿದ್ರಿ, ಅದನ್ನ ಹೇಳಿ."

ಮಾವ ಹೇಳಿದರು, ಅವಳು ಬರೆದಳು: 'ಫೋಟೊ ನೋಡಿದೆವು. ಅಂಚು ಇಳಿದಿರುವುದು ನಿಜ. ದಯವಿಟ್ಟು ಕೋಟು ತೊಟ್ಟುಕೊಂಡೇ ಬನ್ನಿ, ಸರಿಮಾಡಿಕೊಡುತ್ತೇವೆ.' ಅದನ್ನೂ ಬೊಂಬೆಗೆ ಒಮ್ಮೆ ಓದಿ ಹೇಳಿದ ಮೇಲೆಯೇ ಕಳಿಸಿದ್ದು.

ಸಂಜೆ ದಲ್ಲಾಳಿ ಬಂದೇಬಿಟ್ಟ. ಮೈಮೇಲೆ ಅದೇ ಕೋಟು. ಬಲಗಿವಿಗೂ ಬಲಹೆಗಲಿಗೂ ನಡುವೆ ಒತ್ತಿ ಹಿಡಿದ ಫೋನು. ಎರಡು ಕೈಯಲ್ಲೂ ಮನೆಗಳ ಬೀಗದ ಕೈ. "ಎರಡು ರೂಮು ಸಾರ್, ಗಾಳಿ ಬೆಳಕು ಭರ್ಜರಿ..." ಸೊಸೆ ಕೋಟಿನ ಅಂಚು ನೋಡಿದಳು. ಗೆರೆ ಎಳೆದ ಹಾಗೆ ನೇರ! ಮಾವನ ಹುಬ್ಬು ಹಣೆಗೇರಿತು. ಮಾತು ಮುಗಿಸಿ ದಲ್ಲಾಳಿ ಫೋನನ್ನು ಕೈಗೆ ತೆಗೆದುಕೊಂಡ. ಬಲಹೆಗಲು ಕೆಳಗಿಳಿಯಿತು. ಅದರ ಬೆನ್ನಿಗೇ ಅಂಚೂ ಎರಡು ಬೆರಳು ಇಳಿಯಿತು.

"ಅಯ್ಯೋ ಸ್ವಾಮಿ, ನಿಮ್ಮ ಹೆಗಲು ಇಳಿಯುತ್ತಾ?"

"ಮತ್ತೆ? ನಿಮ್ಮದು ಇಳಿಯಲ್ವಾ?"

"ಅಳತೆಗೆ ಬಂದಾಗಲೂ ಫೋನು, ಟ್ರಯಲ್‌ಗೆ ಬಂದಾಗಲೂ ಫೋನು. ಹೆಗಲು ಇಳಿದದ್ದನ್ನ ನಾನೆಲ್ಲಿ ಕಂಡೆ? ನಿಮ್ಮ ಮೈಕಟ್ಟೇ ಹಾಗೆ ಅಂದ್ಕೊಂಡು ಹೊಲಿದುಬಿಟ್ಟೆ!"

ದಲ್ಲಾಳಿ ಕನ್ನಡಿಯ ಮುಂದೆ ನಿಂತ. ಫೋನು ಕಿವಿಗಿಟ್ಟ, ಕೋಟು ನೇರ. ತೆಗೆದ, ಸೊಟ್ಟ. ಮತ್ತೆ ಇಟ್ಟ, ನೇರ. ಮೂರನೆಯ ಸಲಕ್ಕೆ ಅವನು ನಗು ತಡೆಯಲಾಗದೆ ಸ್ಟೂಲಿನ ಮೇಲೆ ಕುಸಿದ. "ನಾನು ಏನೇನೋ ಬರೆದುಬಿಟ್ಟೆ ಯಜಮಾನ್ರೇ, ಕಣ್ಣು ಕಾಣಲ್ಲ ಅಂತೆಲ್ಲ. ನಿಮ್ಮೆದುರು ಆ ಮಾತು ಬರ್ತಾನೂ ಇರಲಿಲ್ಲ. ಈಗಲೇ ಅಳಿಸ್ತೀನಿ. ನೀವೂ ತಿರುಗಿಸಿ ಬಯ್ದಿದ್ರೆ ಈ ಬೀದಿಗೇ ಕಾಲಿಡ್ತಿರಲಿಲ್ಲ ನಾನು."

"ಬಯ್ಯೋದಾ? ನಾವಾ?" ಎಂದರು ಮಾವ, ಗೋಡೆ ನೋಡುತ್ತ. ಸೊಸೆ ಕೈಗೆ ಸಿಕ್ಕ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ಬೆನ್ನು ಮಾತ್ರ ಕುಲುಕುತ್ತಿತ್ತು.

ಹೊಸದಾಗಿ ಅಳತೆ ಶುರುವಾಯಿತು. ಮಾವ ಟೇಪು ಹಿಡಿದು ಬೆನ್ನ ಹಿಂದೆ ನಿಂತಿದ್ದರು, ಅಷ್ಟರಲ್ಲಿ ಸ್ಟೂಲಿನ ಮೇಲಿದ್ದ ಫೋನು ಬಡಿದುಕೊಳ್ಳತೊಡಗಿತು. ದಲ್ಲಾಳಿಯ ತಲೆ ಅತ್ತ ವಾಲಿತು, ಬಲಹೆಗಲು ಅರ್ಧ ಇಂಚು ಮೇಲೆದ್ದಿತು. ಮಾವ ಅಂಗೈಯನ್ನು ಮೆಲ್ಲಗೆ ಅದರ ಮೇಲಿಟ್ಟರು. ಹೆಗಲು ಇಳಿಯಿತು. ಫೋನು ಕೂಗಿ ಕೂಗಿ ತಾನೇ ಸುಮ್ಮನಾಯಿತು.